ಚಳಿಯಲ್ಲಿ ಸೈಕಲ್ ಸವಾರಿ, ನಡುವೆ ಜಲಬಾಧೆ: ಯಾರಿಗೆ ಯಾವ ದಾರಿ?

ಚಳಿಯಲ್ಲಿ ಸೈಕಲ್ ತುಳಿಯುವವರು ಗ್ಲೌಸ್ ಯಾವುದು, ಜಾಕೆಟ್ ಯಾವುದು, ಲೈಟಿನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದೆಲ್ಲ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಮೂರು ಪದರ ಬಟ್ಟೆ ತೊಟ್ಟು ಹೊರಟ ಮೇಲೆ ಒಂದಕ್ಕೆ ಅವಸರವಾದರೆ ಏನು ಮಾಡುವುದು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಸಂಕೋಚ, ಇನ್ನೇನು. ಈ ಸಂಕೋಚಕ್ಕೆ ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಇನ್ನು ಕೆಲವರು ಚಳಿಗಾಲ ಮುಗಿಯುವವರೆಗೆ ಸೈಕಲ್ಲನ್ನು ಮೂಲೆಗೆ ನಿಲ್ಲಿಸಿಬಿಡುತ್ತಾರೆ. ಎರಡೂ ಬೇಕಿಲ್ಲ.

ಮುಂದೆ ಬರುವ ಪ್ರತಿ ಆಯ್ಕೆಯನ್ನೂ ನಾನು ಒಂದೇ ಪ್ರಶ್ನೆ ಇಟ್ಟು ತೂಗಿದ್ದೇನೆ: ಮರಗಟ್ಟಿದ ಬೆರಳುಗಳಿಂದ ಎಷ್ಟು ಪದರ ಬಿಚ್ಚಬೇಕು, ಬೆವರಿದ ಮೈ ಎಷ್ಟು ಹೊತ್ತು ಗಾಳಿಗೆ ತೆರೆದಿರುತ್ತದೆ? ಶೌಚಾಲಯ ಎಷ್ಟು ದೂರ ಎನ್ನುವುದು ಆಮೇಲಿನ ಮಾತು. ಸವಾರಿಯ ಮಧ್ಯೆ ಪಡುವ ಪಾಡಿನ ಮುಕ್ಕಾಲು ಪಾಲು ಬೆಳಿಗ್ಗೆ ಬಟ್ಟೆ ತೊಡುವಾಗಲೇ ತೀರ್ಮಾನವಾಗಿರುತ್ತದೆ.

ಚಳಿಗೆ ಯಾಕೆ ಬೇಗ ಬರುತ್ತದೆ

ಚಳಿ ತಾಗಿದ ಕೂಡಲೇ ಚರ್ಮದ ಹತ್ತಿರದ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಕೈಕಾಲಿನಲ್ಲಿದ್ದ ರಕ್ತ ಎದೆ, ಹೊಟ್ಟೆಯ ಕಡೆಗೆ ಸರಿಯುತ್ತದೆ. ಅಲ್ಲಿ ರಕ್ತ ಹೆಚ್ಚಿದ್ದನ್ನು ಕಂಡು ದೇಹ ‘ನೀರು ಜಾಸ್ತಿಯಾಯಿತು’ ಎಂದು ತಪ್ಪು ಲೆಕ್ಕ ಹಾಕಿ, ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಮೂತ್ರಪಿಂಡಗಳು ಹೆಚ್ಚು ನೀರು ಹೊರಹಾಕತೊಡಗುತ್ತವೆ. ಬೇಸಿಗೆಯಲ್ಲಿ ಬೆವರಾಗಿ ಹೋಗುತ್ತಿದ್ದ ನೀರೂ ಈಗ ಇದೇ ದಾರಿ ಹಿಡಿಯುತ್ತದೆ. ವಯಸ್ಕರಿಗೆ ಮೂತ್ರಕೋಶದಲ್ಲಿ ಸುಮಾರು 150ರಿಂದ 250 ಮಿಲಿಲೀಟರ್ ತುಂಬಿದಾಗ ಮೊದಲ ಸೂಚನೆ ಸಿಗುತ್ತದೆ. 400–500 ಮುಟ್ಟಿದಾಗ ಬೇರೆ ಯೋಚನೆಯೇ ಹೊಳೆಯುವುದಿಲ್ಲ.

ಜೋರಾಗಿ ತುಳಿಯುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುವುದರಿಂದ ಮೂತ್ರವೂ ಕಡಿಮೆಯಾಗುತ್ತದೆ. ಹಾಗಾಗಿ ತೊಂದರೆ ಬರುವುದು ನಿಧಾನದ ಸವಾರಿಯಲ್ಲಿ, ಉದ್ದ ಇಳಿಜಾರಿನಲ್ಲಿ, ಹಿಂದುಳಿದವರಿಗಾಗಿ ಕಾಯುತ್ತ ನಿಂತಾಗ. ಹೊರಡುವ ಮೊದಲು ಎಲ್ಲರೂ ಸೇರಲಿ ಎಂದು ನಡುಗುತ್ತ ನಿಂತ ಹತ್ತು ನಿಮಿಷ ಮುಂದಿನ ಗಂಟೆಯಲ್ಲಿ ಲೆಕ್ಕ ಕೇಳುತ್ತದೆ. ಕೈಕಾಲು ಬೆಚ್ಚಗಿದ್ದಷ್ಟೂ ಈ ಕಾಟ ಕಡಿಮೆ. ಒಳ್ಳೆಯ ಗ್ಲೌಸ್, ಒಳ್ಳೆಯ ಕಾಲುಚೀಲ ಈ ಲೆಕ್ಕದಲ್ಲೂ ಬರುತ್ತವೆ.

ತಡೆದುಕೊಳ್ಳುವುದೋ, ನಿಲ್ಲುವುದೋ

‘ಮೂತ್ರಕೋಶ ತುಂಬಿದ್ದರೆ ಅದನ್ನು ಬೆಚ್ಚಗಿಡಲು ದೇಹದ ಶಾಖ ಖರ್ಚಾಗುತ್ತದೆ, ಅದಕ್ಕೇ ಚಳಿ ಜಾಸ್ತಿ’ ಎಂಬ ಮಾತು ಸವಾರರ ನಡುವೆ ಓಡಾಡುತ್ತದೆ. ಅದು ಸರಿಯಲ್ಲ. ಮೂತ್ರ ಆಗಲೇ ಮೈಯ ಬಿಸಿಯಲ್ಲೇ ಇರುತ್ತದೆ, ಒಳಗಿಟ್ಟುಕೊಳ್ಳಲು ಹೊಸದಾಗಿ ಶಾಖ ಬೇಕಿಲ್ಲ. ನಿಲ್ಲಬೇಕಾದ ಕಾರಣ ಬೇರೆ. ತಡೆದುಕೊಂಡವನ ಗಮನ ರಸ್ತೆಯ ಮೇಲಿರುವುದಿಲ್ಲ. ಗುಂಡಿ, ಮಂಜು ಹೆಪ್ಪುಗಟ್ಟಿದ ತಿರುವು, ಹಿಂದಿನ ವಾಹನ ಎಲ್ಲವೂ ತಡವಾಗಿ ಕಾಣುತ್ತವೆ. ಸೀಟಿನ ಮೇಲೆ ಮುದುಡಿ ಕೂತು ತುಳಿದರೆ ಸೊಂಟವೂ ಹಿಡಿಯುತ್ತದೆ.

ಮನೆ ಇನ್ನು ಅರ್ಧ ಗಂಟೆಯೊಳಗಿದೆ, ಆರೋಗ್ಯ ಚೆನ್ನಾಗಿದೆ ಎಂದಾದರೆ ತಡೆದುಕೊಂಡು ಮುಗಿಸಿಬಿಡಿ. ಒದ್ದೆ ಮೈಯಲ್ಲಿ ನಿಂತು ತಣ್ಣಗಾಗುವುದಕ್ಕಿಂತ ಅದು ವಾಸಿ. ಅದಕ್ಕಿಂತ ದೂರವಿದ್ದರೆ ಮೊದಲ ಸೂಚನೆಗೇ ಜಾಗ ಹುಡುಕಲು ಶುರುಮಾಡಿ. ಮೂತ್ರನಾಳದ ಸೋಂಕು ಪದೇ ಪದೇ ಬರುವವರು, ಗರ್ಭಿಣಿಯರು ಮತ್ತು ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ತಡೆದುಕೊಳ್ಳುವುದನ್ನು ಒಂದು ಆಯ್ಕೆಯೆಂದೇ ಎಣಿಸಬಾರದು. ಪ್ರಾಸ್ಟೇಟ್ ದೊಡ್ಡದಾದವರಿಗೆ ಇನ್ನೊಂದು ಮಾತು: ಮೂಗು ಕಟ್ಟಿದಾಗ ನುಂಗುವ ಸ್ಯೂಡೋಎಫೆಡ್ರಿನ್ ಇರುವ ಮಾತ್ರೆ ಮೂತ್ರಕೋಶದ ಬಾಯಿಯನ್ನು ಬಿಗಿಗೊಳಿಸುತ್ತದೆ. ನೆಗಡಿಯ ಕಾಲದಲ್ಲಿ ಅದನ್ನು ನುಂಗಿ ಸವಾರಿಗೆ ಹೊರಟರೆ ಅವಸರ ಇರುತ್ತದೆ, ನಿಂತರೆ ಬರುವುದಿಲ್ಲ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಕಡಿಮೆ ಕುಡಿಯುವುದೋ, ಹೊತ್ತು ನೋಡಿ ಕುಡಿಯುವುದೋ

ಕಡಿಮೆ ಕುಡಿಯುವವರೇ ಹೆಚ್ಚು, ಅದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಚಳಿಯಲ್ಲಿ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಉಸಿರಾಟದಲ್ಲಿ ನೀರು ಹೋಗುತ್ತಲೇ ಇರುತ್ತದೆ, ದಪ್ಪ ಬಟ್ಟೆಯೊಳಗೆ ಬೆವರೂ ಇಳಿಯುತ್ತದೆ, ಮೇಲಿಂದ ಚಳಿಯ ಮೂತ್ರ ಬೇರೆ. ಕುಡಿಯದೆ ಹೋದರೆ ಮೂತ್ರ ಗಟ್ಟಿಯಾಗುತ್ತದೆ, ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಅವಸರ ಮಾತ್ರ ಹಾಗೇ ಉಳಿಯುತ್ತದೆ.

ಹೊತ್ತು ನೋಡಿ ಕುಡಿಯುವುದು ಫಲ ಕೊಡುತ್ತದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಕೊಟ್ಟ ಸಲಹೆಯಂತೆ, ವ್ಯಾಯಾಮಕ್ಕೆ ಕನಿಷ್ಠ 4 ಗಂಟೆ ಮೊದಲು ದೇಹತೂಕದ ಪ್ರತಿ ಕಿಲೋಗೆ 5ರಿಂದ 7 ಮಿಲಿಲೀಟರ್ ಕುಡಿಯಬೇಕು. 60 ಕಿಲೋ ತೂಗುವವರಿಗೆ 300ರಿಂದ 420 ಮಿಲಿಲೀಟರ್. ಹೆಚ್ಚಾದ ನೀರು ಹೊರಹೋಗಲು ಅಷ್ಟು ಸಮಯ ಸಿಗಲಿ ಎಂಬುದೇ ಇದರ ಉದ್ದೇಶ. ನಸುಕಿನಲ್ಲೇ ಹೊರಡುವವರು 4 ಗಂಟೆ ಮೊದಲು ಎದ್ದು ಕೂರುವುದು ಯಾರಿಂದಲೂ ಆಗದ ಮಾತು. ಅವರು ಹಿಂದಿನ ರಾತ್ರಿಯ ಊಟದ ಜೊತೆ ಚೆನ್ನಾಗಿ ಕುಡಿದು, ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟದಷ್ಟು ಕುಡಿದು, ಹೊರಡುವ ಮುನ್ನಿನ ಒಂದು ಗಂಟೆ ಬಾಯಿ ಕಟ್ಟಿದರೆ ಸಾಕು. ಹೆಲ್ಮೆಟ್ ಹಾಕುವ ಮೊದಲು ಇನ್ನೊಮ್ಮೆ ಶೌಚಾಲಯಕ್ಕೆ ಹೋಗಿ, ಬರಲಿ ಬಿಡಲಿ.

ದಾರಿಯಲ್ಲಿ ಒಮ್ಮೆಲೇ ಗಟಗಟ ಕುಡಿಯಬೇಡಿ. ಗುಟುಕು ಗುಟುಕಾಗಿ ಕುಡಿದ ನೀರು ಮೈಯಲ್ಲಿ ಹೆಚ್ಚು ಉಳಿಯುತ್ತದೆ. ಸ್ವಲ್ಪ ಉಪ್ಪಿನಂಶ ಇದ್ದರೆ ಇನ್ನೂ ಒಳ್ಳೆಯದು. ಕಾಫಿ, ಟೀ ವಿಚಾರಕ್ಕೆ ಬಂದರೆ, ದಿನಾ ಕುಡಿಯುವವರಿಗೆ ಅವು ತಂದೊಡ್ಡುವ ಮೂತ್ರದ ಪ್ರಮಾಣ ಜನ ಹೇಳುವಷ್ಟೇನೂ ಇಲ್ಲ, ಆದರೆ ಮೂತ್ರಕೋಶವನ್ನು ಕೆರಳಿಸಿ ಅವಸರ ಹುಟ್ಟಿಸುವುದು ನಿಜ. ನಾನಂತೂ ಹೊರಡುವ ಮೊದಲಿನ ಎರಡನೆಯ ಕಪ್ಪನ್ನು ಬಿಡುತ್ತೇನೆ, ಮೊದಲನೆಯದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಬಟ್ಟೆ: ನಿಜವಾದ ಆಯ್ಕೆ ಇಲ್ಲಿದೆ

ಚಳಿಗಾಲದ ಸವಾರಿಗೆ ಹೆಚ್ಚಿನವರು ಕೊಳ್ಳುವುದು ಬಿಬ್ ಟೈಟ್ಸ್, ಅಂದರೆ ಭುಜದ ಮೇಲೆ ಪಟ್ಟಿ ಹಾದುಹೋಗುವ ಉದ್ದ ಬಿಗಿ ಪ್ಯಾಂಟು. ಸೊಂಟದಲ್ಲಿ ಇಲಾಸ್ಟಿಕ್ ಒತ್ತುವುದಿಲ್ಲ, ಬಗ್ಗಿ ತುಳಿಯುವಾಗ ಬೆನ್ನಿನ ಕೆಳಭಾಗ ತೆರೆದುಕೊಳ್ಳುವುದಿಲ್ಲ, ಹೊಟ್ಟೆ ಬೆಚ್ಚಗಿರುತ್ತದೆ. ಬೆಚ್ಚಗಿಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಬಿಚ್ಚುವ ವಿಷಯಕ್ಕೆ ಬಂದರೆ ಇದರಷ್ಟು ಕಿರಿಕಿರಿ ಕೊಡುವ ಉಡುಪೂ ಇಲ್ಲ.

ಗಂಡಸರಿಗೆ ಮುಂಭಾಗವನ್ನು ಕೆಳಗೆಳೆದರೆ ಕೆಲಸ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಬೇಸಿಗೆಯ ತೆಳು ಬಿಬ್‌ನಲ್ಲಿ ಅದು ಸರಿ. ಚಳಿಗಾಲದ್ದರಲ್ಲಿ ಬಟ್ಟೆ ದಪ್ಪ, ಮುಂಭಾಗ ಹೊಟ್ಟೆಯ ಮೇಲಿನವರೆಗೂ ಏರಿರುತ್ತದೆ, ಚಳಿಗೆ ಅಂಗವೂ ಮುದುಡಿಕೊಂಡಿರುತ್ತದೆ. ಅಂಚನ್ನು ಸಾಕಷ್ಟು ಕೆಳಗೆ ಒತ್ತಿ ಹಿಡಿಯಲಾಗದೆ ಬಟ್ಟೆ ಒದ್ದೆಯಾದರೆ ಉಳಿದ ದಾರಿಯುದ್ದಕ್ಕೂ ಅಲ್ಲೇ ಚಳಿ ಕಚ್ಚುತ್ತದೆ. ಕೊಳ್ಳುವಾಗ ಮುಂಭಾಗ ತಗ್ಗಾಗಿ ಕತ್ತರಿಸಿದ್ದನ್ನೋ, ಮುಂದೆ ಜಿಪ್ ಇರುವುದನ್ನೋ ನೋಡಿ. ಬರೀ ಬಿಬ್ ಹಾಕಿ ಕನ್ನಡಿ ಮುಂದೆ ನಿಂತರೆ ಏನೂ ತಿಳಿಯುವುದಿಲ್ಲ. ಮೇಲೆ ಜೆರ್ಸಿ, ಜಾಕೆಟ್ ಹಾಕಿಕೊಂಡು, ಗ್ಲೌಸ್ ತೊಟ್ಟು ಒಂದು ಸಲ ಕೆಳಗೆಳೆದು ನೋಡಿ.

ಹೆಂಗಸರ ಕಷ್ಟ ಇದರ ಹಲವು ಪಟ್ಟು. ಸಾಮಾನ್ಯ ಬಿಬ್ ಆದರೆ ಜಾಕೆಟ್ ತೆಗೆದು, ಜೆರ್ಸಿ ತೆಗೆದು, ಪಟ್ಟಿ ಇಳಿಸಬೇಕು. ಅಂದರೆ ಕೊರೆಯುವ ಗಾಳಿಯಲ್ಲಿ ಬೆವರಿದ ಒಳಂಗಿಯೊಂದರಲ್ಲಿ ನಿಲ್ಲಬೇಕು. ಇದಕ್ಕಾಗಿಯೇ ಬೇರೆ ಬೇರೆ ವಿನ್ಯಾಸಗಳು ಬಂದಿವೆ. ಒಂದು ಬಗೆಯಲ್ಲಿ ಸೊಂಟದ ಹಿಂಭಾಗದ ಜಿಪ್ ತೆರೆದರೆ ಹಿಂಬದಿ ಪೂರ್ತಿ ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ಬೆನ್ನ ಮೇಲೆ ಪಟ್ಟಿಗಳನ್ನು ಕೂಡಿಸುವ ಕೊಕ್ಕೆ ಅಥವಾ ಅಯಸ್ಕಾಂತದ ಗುಂಡಿ. ಮೂರನೆಯದರಲ್ಲಿ ಪಟ್ಟಿ ಕೊರಳ ಸುತ್ತ ಒಂದೇ ಕುಣಿಕೆಯಾಗಿ ಬರುತ್ತದೆ, ತಲೆಯ ಮೇಲಿಂದ ತೆಗೆದರಾಯಿತು. ನಾಲ್ಕನೆಯದರಲ್ಲಿ ಬಿಚ್ಚುವುದೇ ಇಲ್ಲ: ಪಟ್ಟಿಯ ಬಟ್ಟೆ ತುಂಬ ಹಿಗ್ಗುವಂಥದ್ದು, ಹಿಂದಿನಿಂದ ಹಿಡಿದು ಕೆಳಗೆಳೆದರೆ ಭುಜದ ಮೇಲಿರುವಂತೆಯೇ ಇಳಿಯುತ್ತದೆ.

ಚಳಿಗೆ ನನ್ನ ಮತ ಈ ನಾಲ್ಕನೆಯದಕ್ಕೆ. ಗ್ಲೌಸ್ ತೆಗೆಯದೆ ಮಾಡಬಹುದಾದದ್ದು ಇದೊಂದೇ. ಹಿಂಭಾಗದ ಜಿಪ್ ಎರಡನೆಯ ಸ್ಥಾನಕ್ಕೆ ಬರುತ್ತದೆ. ತೆರೆಯುವುದು ಸುಲಭ, ಬೆನ್ನ ಹಿಂದೆ ಕೈಯಾಡಿಸಿ ಎರಡು ತುದಿ ಕೂಡಿಸಿ ಮುಚ್ಚುವುದು ಮರಗಟ್ಟಿದ ಬೆರಳಿಗೆ ಪರೀಕ್ಷೆ. ಕೊಕ್ಕೆ ಜಾರಿ ಜೆರ್ಸಿಯೊಳಗೆ ಕಳೆದುಹೋದರೆ ಹುಡುಕಿ ಹಿಡಿಯಲು ಮತ್ತೆ ಬಟ್ಟೆ ಎತ್ತಬೇಕು, ಅಯಸ್ಕಾಂತ ಸ್ವಲ್ಪ ವಾಸಿ. ಕೊರಳ ಕುಣಿಕೆಯನ್ನು ಚಳಿಗಾಲಕ್ಕೆ ನಾನು ಬೇಡವೆನ್ನುತ್ತೇನೆ: ಕತ್ತಿನ ಬಟ್ಟೆ, ಹೆಲ್ಮೆಟ್, ಜಾಕೆಟ್ಟಿನ ಕಾಲರ್ ಎಲ್ಲವೂ ಅಡ್ಡ ಬರುತ್ತವೆ.

ಹೊಸದು ಕೊಳ್ಳುವ ಮನಸ್ಸಿಲ್ಲವೇ? ಎರಡು ಉಪಾಯಗಳಿವೆ. ಒಂದು, ಪಟ್ಟಿಯನ್ನು ಜೆರ್ಸಿಯ ಮೇಲೆ, ಜಾಕೆಟ್ಟಿನ ಒಳಗೆ ಹಾಕಿಕೊಳ್ಳುವುದು. ಆಗ ಜಾಕೆಟ್ ಒಂದನ್ನು ತೆರೆದು ತೋಳಿನಿಂದ ಜಾರಿಸಿದರೆ ಸಾಕು, ಜೆರ್ಸಿ ಮೈಮೇಲೇ ಇರುತ್ತದೆ. ಜೆರ್ಸಿಯ ಹಿಂದಿನ ಜೇಬುಗಳು ಒಳಗಾಗುತ್ತವೆ, ತಿನಿಸು ತೆಗೆಯುವುದು ಕಷ್ಟ. ಜೊತೆಗೆ ಯಾರಾದರೂ ನಕ್ಕರೆ ನಗಲಿ. ಇನ್ನೊಂದು, ಬಿಬ್ಬನ್ನೇ ಬಿಟ್ಟು ಸೊಂಟದವರೆಗಿನ ಟೈಟ್ಸ್ ಹಾಕಿ, ಸೊಂಟ ಮುಚ್ಚುವಷ್ಟು ಉದ್ದದ ಒಳಂಗಿ ತೊಡುವುದು. ಬೆಚ್ಚಗಿನ ವಿಷಯದಲ್ಲಿ ಒಂದು ಮೆಟ್ಟಿಲು ಕೆಳಗೆ, ಅವಸರದ ವಿಷಯದಲ್ಲಿ ಹಲವು ಮೆಟ್ಟಿಲು ಮೇಲೆ. ಗಂಟೆಗೊಮ್ಮೆ ಹೋಗಲೇಬೇಕಾದವರಿಗೆ, ಗಂಡಸಾಗಲಿ ಹೆಂಗಸಾಗಲಿ, ಇದನ್ನೇ ಹೇಳುತ್ತೇನೆ.

ಬೆರಳ ಮಾತು ಬಂದಾಗ ಫ್ರಾನ್ಸಿನ ಸೈಕಲ್ ರೇಸುಗಾರ ಬರ್ನಾರ್ಡ್ ಹಿನೊ ನೆನಪಾಗುತ್ತಾರೆ. ಬೆಲ್ಜಿಯಂನಲ್ಲಿ ನಡೆಯುವ ಲಿಯೆಜ್–ಬಾಸ್ಟೋನ್–ಲಿಯೆಜ್ ರೇಸಿನಲ್ಲಿ 1980ರಲ್ಲಿ ಹಿಮ ಸುರಿದು, ಹೊರಟ 174 ಸವಾರರಲ್ಲಿ ಗುರಿ ಮುಟ್ಟಿದವರು 21 ಮಂದಿ. ಹಿನೊ ಒಂಬತ್ತು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು, ಆದರೆ ಅವರ ಎರಡು ಬೆರಳುಗಳಿಗೆ ಚಳಿಯ ತೊಂದರೆ ಶಾಶ್ವತವಾಗಿ ಉಳಿಯಿತು. ನಮ್ಮ ಸವಾರಿ ಅಷ್ಟು ಉಗ್ರವಾಗಿರದಿದ್ದರೂ ಬರಿಗೈಯಲ್ಲಿ ಜಿಪ್ ಹುಡುಕುತ್ತ ನಿಲ್ಲುವ ಎರಡು ನಿಮಿಷ ಸಣ್ಣದೇನಲ್ಲ. ಪ್ರತಿ ಜಿಪ್ಪಿನ ತುದಿಗೂ ಒಂದು ದಾರದ ಕುಣಿಕೆ ಕಟ್ಟಿ; ಗ್ಲೌಸ್ ಹಾಕಿದ ಕೈಗೂ ಸಿಗುತ್ತದೆ. ದಪ್ಪ ಗ್ಲೌಸ್ ಒಳಗೆ ತೆಳುವಾದ ಇನ್ನೊಂದು ಜೊತೆ ಇರಲಿ. ಹ್ಯಾಂಡಲ್‌ಗೇ ಕಟ್ಟಿ ಒಳಗೆ ಕೈ ತೂರಿಸುವ ದೊಡ್ಡ ಚೀಲಗಳಿದ್ದರೆ ಒಳಗೆ ತೆಳು ಗ್ಲೌಸ್ ಸಾಕಾಗುತ್ತದೆ, ನಿಂತಾಗ ಬೆರಳು ಹೇಳಿದ ಮಾತು ಕೇಳುತ್ತವೆ.

ಎಲ್ಲಿ ನಿಲ್ಲುವುದು: ನಾಲ್ಕು ಗೋಡೆಯೊಳಗೋ, ಬಯಲಲ್ಲೋ

ಪೆಟ್ರೋಲ್ ಬಂಕ್, ರೈಲು ನಿಲ್ದಾಣ, ತಿಂಡಿಯಂಗಡಿಗಳ ಶೌಚಾಲಯದಲ್ಲಿ ಗಾಳಿಯಿಲ್ಲ, ಮರೆಯಿದೆ, ಕೈ ತೊಳೆಯಲು ನೀರಿದೆ. ತೊಡಕು ಎರಡು. ಹಿಮ ಬೀಳುವ ಕಡೆಗಳಲ್ಲಿ ಪಾರ್ಕು, ಶಿಬಿರತಾಣಗಳ ಶೌಚಾಲಯಗಳನ್ನು ನಲ್ಲಿ ಕೊಳವೆ ಹೆಪ್ಪುಗಟ್ಟಿ ಒಡೆಯುತ್ತವೆಂದು ಚಳಿಗಾಲದಲ್ಲಿ ಬೀಗ ಹಾಕುವುದುಂಟು. ಬೇಸಿಗೆಯ ನಕ್ಷೆ ನಂಬಿ ಹೋದರೆ ಬಾಗಿಲ ಮುಂದೆ ನಿಲ್ಲಬೇಕಾದೀತು. ಎರಡನೆಯದು, ಬಿಸಿ ಕೋಣೆಯೊಳಗೆ ಕಾಲು ಗಂಟೆ ಕೂತರೆ ಮತ್ತಷ್ಟು ಬೆವರಿ, ಹೊರಬಂದಾಗ ನಡುಕ ಹಿಡಿಯುತ್ತದೆ. ಒಳಗೆ ಹೋದ ಕೂಡಲೇ ಜಾಕೆಟ್ ತೆರೆಯಿರಿ, ಕೆಲಸ ಮುಗಿದ ಮೇಲೆ ಹೊತ್ತು ಕಳೆಯಬೇಡಿ.

ಬಯಲಿನ ಮಾತಿಗೆ ಮೊದಲು ಕಾನೂನು: ಬಹಳ ಕಡೆ ಸಾರ್ವಜನಿಕವಾಗಿ ಮೂತ್ರ ಮಾಡಿದರೆ ದಂಡವಿದೆ. ವೃತ್ತಿಪರ ರೇಸುಗಳಲ್ಲೂ ಪ್ರೇಕ್ಷಕರೆದುರು ಮಾಡಿದ ಸವಾರರಿಗೆ ದಂಡ ಬೀಳುತ್ತದೆ. ಮನೆ, ದೇವಸ್ಥಾನ, ಶಾಲೆಗಳ ಆಸುಪಾಸು ಬೇಡವೇ ಬೇಡ. ನಿರ್ಜನ ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ನೀರಿನ ಸೆಲೆಯಿಂದ, ಕಾಲುದಾರಿಯಿಂದ 60 ಮೀಟರಿನಷ್ಟು ದೂರ ಸರಿಯಿರಿ. ಗಾಳಿಗೆ ಬೆನ್ನು ಮಾಡಿ ನಿಲ್ಲುವುದನ್ನು ಹೇಳಿಕೊಡಬೇಕಿಲ್ಲ. ಮೊದಲ ಸಲ ತಪ್ಪಿದವರಿಗೆ ಎರಡನೆಯ ಸಲ ಪಾಠ ಬೇಕಾಗುವುದಿಲ್ಲ.

ಏರುದಾರಿಯಲ್ಲಿ ಹೋಗುವಾಗ ಯಾವ ಜಾಗದಲ್ಲಿ ನಿಲ್ಲಬೇಕು ಎಂಬುದಕ್ಕೆ ನನ್ನ ಉತ್ತರ ಖಚಿತ: ನೆತ್ತಿ ಮುಟ್ಟುವ ಸ್ವಲ್ಪ ಮೊದಲು, ಗಾಳಿ ತಾಗದ ತಿರುವಿನಲ್ಲಿ. ತುಳಿದು ಬಂದ ಮೈ ಇನ್ನೂ ಬಿಸಿ, ಬೆರಳು ಇನ್ನೂ ಚುರುಕು, ಇಳಿಯುವ ಮೊದಲು ಹೇಗೂ ಜಾಕೆಟ್ ಹಾಕಲು ನಿಲ್ಲಲೇಬೇಕು. ನೆತ್ತಿಯ ಮೇಲೆ ಗಾಳಿ ಹೊಡೆಯುತ್ತದೆ. ‘ಇಳಿದ ಮೇಲೆ ನೋಡೋಣ’ ಎಂದುಕೊಂಡವರು ತುಳಿಯದೆ ಗಾಳಿಗೊಡ್ಡಿದ ಮೈಯಲ್ಲಿ ಮೂತ್ರ ಮತ್ತಷ್ಟು ತುಂಬಿಸಿಕೊಂಡು, ಬ್ರೇಕ್ ಹಿಡಿದು ಸೆಟೆದ ಬೆರಳಿನಲ್ಲಿ ಜಿಪ್ ಜೊತೆ ಗುದ್ದಾಡುತ್ತಾರೆ.

ಆಲಿಕೆ, ಬಾಟಲಿ, ಪ್ಯಾಡ್

ಹೆಂಗಸರು ನಿಂತೇ ಮೂತ್ರ ಮಾಡಲು ಬಳಸುವ ಆಲಿಕೆಯಲ್ಲಿ ಮುಖ್ಯವಾಗಿ ಎರಡು ಜಾತಿ: ಗಟ್ಟಿ ಪ್ಲಾಸ್ಟಿಕ್ಕಿನದು, ಮೆತ್ತನೆಯ ಸಿಲಿಕೋನಿನದು. ಸಿಲಿಕೋನಿನದು ಮಡಚಿ ಜೇಬಿಗೆ ಸೇರುತ್ತದೆ, ಆದರೆ ಒತ್ತಿ ಹಿಡಿದಾಗ ಅಂಚು ಮಡಚಿಕೊಂಡು ಸೋರುವ ಭಯವಿದೆ, ದಪ್ಪ ಬಟ್ಟೆಯ ಒತ್ತಡ ಇರುವಲ್ಲಿ ಇನ್ನೂ ಹೆಚ್ಚು. ಚಳಿಗೆ ಗಟ್ಟಿಯದೇ ಮೇಲು. ಬೆರಳಿಗೆ ಸ್ಪರ್ಶ ತಿಳಿಯದಿದ್ದರೂ ಅದರ ಆಕಾರ ಬದಲಾಗುವುದಿಲ್ಲ. ಕೂರುವ ಅಗತ್ಯವಿಲ್ಲದ್ದರಿಂದ ಹಿಂಭಾಗ ಗಾಳಿಗೆ ತೆರೆಯುವುದಿಲ್ಲ, ಅದೇ ದೊಡ್ಡ ಲಾಭ. ಮುಂಭಾಗ ಕೆಳಗಿಳಿಯುವ ಟೈಟ್ಸ್ ಇದ್ದರೆ ಮಾತ್ರ ಉಪಯೋಗ. ಹಿಂಭಾಗದ ಜಿಪ್ ಇರುವ ಬಿಬ್‌ಗೂ ಆಲಿಕೆಗೂ ಹೊಂದಾಣಿಕೆಯಿಲ್ಲ. ಯಾವುದನ್ನೇ ಕೊಂಡರೂ ಮೊದಲು ಮನೆಯ ಬಚ್ಚಲಲ್ಲಿ ಹಲವು ಸಲ ಅಭ್ಯಾಸ ಮಾಡಿ. ಒರೆಸಿಕೊಳ್ಳಲು ಒದ್ದೆ ಟಿಶ್ಯೂ ಒಯ್ಯುವವರು ಅದನ್ನು ಒಳಜೇಬಿನಲ್ಲಿಡಿ, ಹೊರಗಿದ್ದರೆ ಕಡು ಚಳಿಗೆ ಹೆಪ್ಪುಗಟ್ಟುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಹೆಪ್ಪುಗಟ್ಟುವುದಿಲ್ಲ, ಆದರೆ ಆರುವಾಗ ಕೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆಯೇ ಗ್ಲೌಸ್ ಹಾಕಿ.

ಬಾಟಲಿ ಮರೆಯಿಲ್ಲದ ದಾರಿಗೆ, ಗುಡಾರದಲ್ಲಿ ರಾತ್ರಿ ಕಳೆಯುವವರಿಗೆ ಸರಿ. ಅಗಲ ಬಾಯಿಯದ್ದಾಗಿರಲಿ, ಕುಡಿಯುವ ಬಾಟಲಿಗಿಂತ ಆಕಾರವೇ ಬೇರೆಯಾಗಿರಲಿ; ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ. ರೇಸಿನವರಂತೆ ಓಡುವ ಸೈಕಲ್ಲಿನ ಮೇಲೇ ಮುಗಿಸುವುದನ್ನು ನೋಡಿ ಆಸೆಪಡಬೇಡಿ. ಅವರಿಗೆ ಬೆನ್ನು ಹಿಡಿದು ತಳ್ಳುವ ಜೊತೆಗಾರನಿದ್ದಾನೆ, ಹಿಂದೆ ಒಣಬಟ್ಟೆ ತುಂಬಿದ ಕಾರಿದೆ. ನಿಮಗೆ ಸಿಗುವುದು ಒದ್ದೆ ಶೂ.

ಹೀರುವ ಪ್ಯಾಡ್ ಬಗ್ಗೆ ಬೇರೆಯಾಗಿ ಹೇಳಬೇಕು. ಕೆಮ್ಮಿದಾಗ, ಗುಂಡಿ ಹಾರಿದಾಗ ಸ್ವಲ್ಪ ಸೋರುವವರಿಗೆ ಸಣ್ಣ ಪ್ಯಾಡ್ ಧೈರ್ಯ ಕೊಡುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ನಿಲ್ಲುವ ಬದಲಿಗೆ ದೊಡ್ಡ ಡಯಾಪರ್ ಹಾಕಿ ಹೊರಡುವ ಉಪಾಯ ಗಂಟೆಗಟ್ಟಲೆಯ ಸವಾರಿಗೆ ಸಲ್ಲದು: ಸೀಟಿನ ಒತ್ತಡಕ್ಕೆ ಹೀರಿದ್ದು ಮತ್ತೆ ಹಿಂಡಿ ಬರುತ್ತದೆ, ಒದ್ದೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮೂತ್ರ ಹೊರತೆಗೆಯಲು ತೂರುನಳಿಕೆ (ಕ್ಯಾಥೆಟರ್) ಬಳಸುವ ಸವಾರರು, ಕೈಯಿಂದ ತುಳಿಯುವ ಸೈಕಲ್ಲಿನವರು ಸೇರಿ, ನಳಿಕೆಯನ್ನು ಮೈಗೆ ತಾಗುವ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಚಳಿಗೆ ಅದು ಸೆಡೆತುಕೊಳ್ಳುತ್ತದೆ. ಮುಟ್ಟಿನ ದಿನಗಳಿಗೆ ಕಪ್ ಒಳ್ಳೆಯದು: 8ರಿಂದ 12 ಗಂಟೆವರೆಗೆ ಬದಲಿಸುವ ಗೋಜಿಲ್ಲ, ಹೊರಗೆ ಬಿಚ್ಚುವ ಒಂದು ಕಾರಣ ಕಡಿಮೆಯಾಗುತ್ತದೆ.

ಎರಡಕ್ಕೆ ಬಂದರೆ

ಇಟಲಿಯಲ್ಲಿ ಹಲವು ಹಂತಗಳಲ್ಲಿ ನಡೆಯುವ ರೇಸ್ ಜಿರೊ ಡಿ ಇಟಾಲಿಯಾ. 2017ರಲ್ಲಿ ಅದರ 16ನೇ ಹಂತದಲ್ಲಿ, ಒಟ್ಟಾರೆ ಮುಂದಿರುವವರು ತೊಡುವ ಗುಲಾಬಿ ಜೆರ್ಸಿಯಲ್ಲಿದ್ದ ನೆದರ್ಲೆಂಡ್ಸಿನ ಟಾಮ್ ಡುಮುಲಾನ್ ಕೊನೆಯ ಏರಿಗೆ ಮೊದಲು ರಸ್ತೆಬದಿಯಲ್ಲಿ ನಿಂತು ಬಟ್ಟೆ ಬಿಚ್ಚಿ ಕೂರಬೇಕಾಯಿತು. ಆ ಹಂತದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಆದರೂ ಆ ವರ್ಷದ ಜಿರೊವನ್ನು 31 ಸೆಕೆಂಡಿನಿಂದ ಗೆದ್ದರು. ಅಂಥವರಿಗೇ ತಪ್ಪಿದ್ದಲ್ಲವೆಂದ ಮೇಲೆ ನಾವು ತಯಾರಿಲ್ಲದೆ ಹೊರಡುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಉತ್ತಮ ಆಯ್ಕೆ ಮನೆಯಲ್ಲೇ ಮುಗಿಸುವುದು. ಬಿಸಿಯಾದದ್ದನ್ನು ಕುಡಿದು, ಏನಾದರೂ ತಿಂದರೆ ಕರುಳು ತಾನಾಗಿ ಚಲಿಸುತ್ತದೆ. ಅದಕ್ಕೆ ಅರ್ಧ ಗಂಟೆ ಬಿಡುವು ಕೊಟ್ಟು ಏಳಿ. ಹಿಂದಿನ ರಾತ್ರಿ ನಾರಿನಂಶ ತುಂಬಿದ ಭಾರೀ ಊಟ, ದಾರಿಯಲ್ಲಿ ಮೊದಲ ಬಾರಿಗೆ ತಿನ್ನುವ ಸಿಹಿ ಜೆಲ್ ಎರಡೂ ಬೇಡ. ದಾರಿಯಲ್ಲಿ ಬಂದೇ ಬಂದರೆ, ಮೆದು ನೆಲದಲ್ಲಿ 15–20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚುವುದು ವಾಡಿಕೆ. ನೆಲ ಹೆಪ್ಪುಗಟ್ಟಿದ್ದರೆ ತೋಡಲಾಗದು. ಹಿಮದಲ್ಲಿ ಹೂತರೆ ಕರಗಿದಾಗ ಎಲ್ಲ ಮೇಲೆ ಬರುತ್ತದೆ. ಅಂಥ ಕಡೆ ಹೋಗುವವರು ಒಳಗೆ ಗಟ್ಟಿಯಾಗಿಸುವ ಪುಡಿ ಇರುವ ಚೀಲವೊಂದನ್ನು ಒಯ್ದು, ಕಟ್ಟಿ ವಾಪಸು ತರಬೇಕು. ಕಾಗದವನ್ನೂ ಅಷ್ಟೆ.

ನಿಮ್ಮ ಸವಾರಿಗೆ ಯಾವುದು

ಎರಡು ಗಂಟೆಯೊಳಗಿನ ಸವಾರಿ, ಆರೋಗ್ಯವಂತ ಮೈ: ಇರುವ ಬಟ್ಟೆಯೇ ಸಾಕು, ಕುಡಿಯುವ ಹೊತ್ತನ್ನು ಸರಿಪಡಿಸಿಕೊಳ್ಳಿ. ಅರ್ಧ ದಿನ, ಊರುಗಳು ಸಿಗುವ ದಾರಿ: ಶೌಚಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ, ಹೆಂಗಸರು ಹಿಗ್ಗುವ ಪಟ್ಟಿಯ ಬಿಬ್‌ಗೆ ದುಡ್ಡು ಹಾಕಿ. ಇಡೀ ದಿನ, ನಿರ್ಜನ ದಾರಿ: ಹೆಂಗಸರಿಗೆ ಮುಂಭಾಗ ಇಳಿಯುವ ಸೊಂಟದ ಟೈಟ್ಸ್, ಗಟ್ಟಿ ಆಲಿಕೆ, ಗಂಡಸರಿಗೆ ಮುಂದೆ ಜಿಪ್ ಇರುವ ಬಿಬ್, ಇಬ್ಬರಿಗೂ ಒಣ ಒಳಂಗಿ ಒಂದು ಹೆಚ್ಚಿಗೆ. ಗುಂಪಿನಲ್ಲಿ ಹೋಗುವಾಗ ಹೊರಡುವ ಮೊದಲೇ ‘ಇಂಥಿಂಥ ಕಡೆ ನಿಲ್ಲುತ್ತೇವೆ’ ಎಂದು ಮುಂದಾಳು ಹೇಳಿಬಿಡಲಿ. ಕೇಳಲು ಸಂಕೋಚಪಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಹೊಸದಾಗಿ ಸೇರಿದ ಹುಡುಗಿಯೋ ವಯಸ್ಸಾದ ಅಣ್ಣನೋ. ಹೆಸರು ಹಿಡಿದು ಕೇಳದೆ ಎಲ್ಲರಿಗಾಗಿ ನಿಲ್ಲಿಸಿದರೆ ಅವರು ಮುಂದಿನ ವಾರವೂ ಬರುತ್ತಾರೆ.